ಕಪ್ಪು ಕೋಟು ತೊಡುವ ತನಕ: ಕಾನೂನು ಓದುವ ಮೊದಲ ತಲೆಮಾರಿಗೆ ವಿದ್ಯಾರ್ಥಿವೇತನದ ದಾರಿ

1917ರಲ್ಲಿ ಅಂಬೇಡ್ಕರ್ ಲಂಡನ್ನಿನ ಓದನ್ನು ಅರ್ಧಕ್ಕೇ ನಿಲ್ಲಿಸಿ ಭಾರತಕ್ಕೆ ಹಡಗು ಹತ್ತಬೇಕಾಯಿತು. ಬರೋಡಾ ಸಂಸ್ಥಾನ ಕೊಡುತ್ತಿದ್ದ ವಿದ್ಯಾರ್ಥಿವೇತನದ ಅವಧಿ ಮುಗಿದಿತ್ತು. 1913ರಲ್ಲಿ ಅವರನ್ನು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರೆಗೆ ಕರೆದೊಯ್ದದ್ದು ಇದೇ ವೇತನ. 1916ರಲ್ಲಿ ಅವರು ಲಂಡನ್ನಿನಲ್ಲಿ ಬ್ಯಾರಿಸ್ಟರ್‌ಗಳನ್ನು ತಯಾರು ಮಾಡುವ ಗ್ರೇಸ್ ಇನ್ ಎಂಬ ಸಂಸ್ಥೆಯಲ್ಲಿ ಕಾನೂನು ಓದಲು ಹೆಸರು ಬರೆಸಿದ್ದರು. ಊರಿಗೆ ಬಂದು ಬಾಂಬೆಯಲ್ಲಿ ಪಾಠ ಹೇಳಿದರು, ಹಣ ಕೂಡಿಟ್ಟರು, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಪಡೆದರು. 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ಬ್ಯಾರಿಸ್ಟರ್ ಆಗಿದ್ದು 1922ರಲ್ಲಿ.

ಕಾನೂನು ಓದಬೇಕು ಅಂತ ನನ್ನ ಬಳಿ ಬರುವ ಮಕ್ಕಳಿಗೆ ಈ ಕಥೆ ಹೇಳುವಾಗ ನಾನು ಅದರೊಳಗಿನ ಲೆಕ್ಕ ತೋರಿಸುತ್ತೇನೆ. ವಿದ್ಯಾರ್ಥಿವೇತನ ಒಂದು ದಿನ ಮುಗಿಯುತ್ತದೆ. ಖರ್ಚು ಅಂದಿಗೆ ಮುಗಿಯುವುದಿಲ್ಲ. ಕಾನೂನಿನ ಓದಿನಲ್ಲಂತೂ ಖರ್ಚು ಮೂರು ಸಲ ಬರುತ್ತದೆ: ಸೀಟು ಸಿಗುವ ಮೊದಲು, ಓದುವಾಗ, ಮತ್ತೆ ಸನ್ನದು, ಅಂದರೆ ವಕೀಲಿಕೆ ಮಾಡಲು ಅನುಮತಿ, ಪಡೆದು ಕೋರ್ಟಿಗೆ ಹೋಗುವ ಮೊದಲ ಎರಡು-ಮೂರು ವರ್ಷ. ಹೆಚ್ಚಿನವರು ನಡುವಿನದಕ್ಕೆ ಮಾತ್ರ ತಯಾರಾಗುತ್ತಾರೆ. ಮನೆಯಲ್ಲಿ ಯಾರೂ ವಕೀಲರಿಲ್ಲದ ಹುಡುಗ ಹುಡುಗಿಯರು ಕೈಚೆಲ್ಲುವುದು ಮಾತ್ರ ಜಾಸ್ತಿ ಕೊನೆಯ ಘಟ್ಟದಲ್ಲೇ. ಹಾಗಾಗಿ ಮೂರಕ್ಕೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಕಾಗದಪತ್ರ

ಯೋಜನೆ ಹುಡುಕುವ ಮೊದಲೇ ಕಾಗದ ಸರಿ ಮಾಡಿಕೊಳ್ಳಿ. ಅರ್ಹತೆ ಇದ್ದೂ ಹಣ ಕೈತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೆಸರಿನ ಒಂದೊಂದು ಅಕ್ಷರ, ಇನಿಷಿಯಲ್, ಹುಟ್ಟಿದ ದಿನಾಂಕ ಎಲ್ಲವೂ ಹೊಂದಬೇಕು. ಒಂದರಲ್ಲಿ 'ಮಂಜುಳ ಕೆ', ಇನ್ನೊಂದರಲ್ಲಿ 'ಕೆ ಮಂಜುಳಾ' ಇದ್ದರೂ ಅರ್ಜಿ ಸಿಕ್ಕಿಹಾಕಿಕೊಳ್ಳಬಹುದು. ತಿದ್ದುವುದಾದರೆ ಆಧಾರ್ ತಿದ್ದಿಸುವುದು ಸುಲಭ. ಅಂಕಪಟ್ಟಿ ತಿದ್ದಿಸಲು ತಿಂಗಳುಗಟ್ಟಲೆ ಓಡಾಡಬೇಕು.

ಆಮೇಲೆ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಇದಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಪ್ರಮಾಣಪತ್ರದ ಮೇಲೆ ಆರ್‌ಡಿ ಸಂಖ್ಯೆ ಇರುತ್ತದೆ. ಕರ್ನಾಟಕದ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿ, ನಿಮ್ಮ ವಿವರ ಎಳೆದುಕೊಳ್ಳುವುದು ಆ ಸಂಖ್ಯೆಯಿಂದಲೇ. ಆದಾಯ ಪ್ರಮಾಣಪತ್ರಕ್ಕೆ ಇಂತಿಷ್ಟು ಕಾಲ ಅಂತ ಇರುತ್ತದೆ. ಓದಿನ ನಡುವೆ ಅದು ಮುಗಿದರೆ ಆ ವರ್ಷದ ಅರ್ಜಿ ನಿಂತುಬಿಡುತ್ತದೆ. ಮುಗಿಯುವ ದಿನಾಂಕವನ್ನು ಫೋನಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಅಂಗವೈಕಲ್ಯ ಇರುವವರು ಯುಡಿಐಡಿ, ಅಂದರೆ ಅಂಗವೈಕಲ್ಯದ ಗುರುತಿನ ಕಾರ್ಡ್, ಮಾಡಿಸಿ. ಸೌಲಭ್ಯಗಳಿಗೆ ಸಾಮಾನ್ಯವಾಗಿ ಶೇ 40 ಅಥವಾ ಹೆಚ್ಚಿನ ವೈಕಲ್ಯ ಇರಬೇಕು. ಲಿಂಗತ್ವ ಅಲ್ಪಸಂಖ್ಯಾತರು ರಾಷ್ಟ್ರೀಯ ಪೋರ್ಟಲ್‌ನಲ್ಲಿ ಗುರುತಿನ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. 2022ರಲ್ಲಿ ಶುರುವಾದ ಸ್ಮೈಲ್ ಯೋಜನೆಯ ವಿದ್ಯಾರ್ಥಿವೇತನಕ್ಕೆ ಅದು ಬೇಕಾಗುತ್ತದೆ.

ಬ್ಯಾಂಕ್ ಖಾತೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸರ್ಕಾರದ ಹಣ ಬರುವುದು ಆಧಾರ್‌ಗೆ ಸೀಡ್ ಆದ ಖಾತೆಗೆ. ನೀವು ಅರ್ಜಿಯಲ್ಲಿ ಯಾವ ಪಾಸ್‌ಬುಕ್ ತೋರಿಸಿದ್ದೀರಿ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆಧಾರ್ ಸಂಖ್ಯೆ ಖಾತೆಗೆ ಲಿಂಕ್ ಆಗುವುದು ಬೇರೆ, ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಸೀಡ್ ಆಗುವುದು ಬೇರೆ. ಆ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್ ಇರುತ್ತದೆ, ಅದೂ ಕೊನೆಯ ಸಲ ಸೀಡ್ ಮಾಡಿಸಿದ ಬ್ಯಾಂಕ್. ನನಗೆ ಗೊತ್ತಿರುವ ಒಬ್ಬ ಹುಡುಗಿ ಒಂದು ವರ್ಷ ಹಣ ಬರಲಿಲ್ಲ ಅಂತ ಅಳುತ್ತಾ ಬಂದಿದ್ದಳು. ನೋಡಿದರೆ ಹಣ ಬಂದಿತ್ತು, ಅವಳು ಶಾಲೆಯಲ್ಲಿದ್ದಾಗ ಮಾಡಿಸಿ ಮರೆತಿದ್ದ ಖಾತೆಗೆ. ಆಧಾರ್ ಸಂಸ್ಥೆಯ ಜಾಲತಾಣಕ್ಕೆ ಲಾಗಿನ್ ಆದರೆ ಯಾವ ಬ್ಯಾಂಕ್ ಸೀಡ್ ಆಗಿದೆ ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಇವತ್ತೇ ನೋಡಿಬಿಡಿ.

ಎರಡನೇ ಹೆಜ್ಜೆ: ಸೀಟಿಗೆ ಮೊದಲಿನ ಖರ್ಚು

ಕಾನೂನು ಓದಲು ಎರಡು ಬಗೆ ಇದೆ. ಪಿಯುಸಿ ಆದ ಮೇಲೆ 5 ವರ್ಷ, ಇಲ್ಲವೇ ಪದವಿ ಆದ ಮೇಲೆ 3 ವರ್ಷ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಲ್ಲಿ 5 ವರ್ಷದ ಓದಿಗೆ ಸೇರಬೇಕಾದರೆ ಕ್ಲಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. 2 ಗಂಟೆ, 120 ಪ್ರಶ್ನೆ, ಎಲ್ಲವೂ ಇಂಗ್ಲಿಷಿನಲ್ಲಿ. ಅರ್ಜಿ ಶುಲ್ಕವೇ ಇತ್ತೀಚಿನ ವರ್ಷಗಳಲ್ಲಿ ₹4,000 ಇದೆ, ಪರಿಶಿಷ್ಟರಿಗೆ ಮತ್ತು ಬಡತನದ ರೇಖೆಗಿಂತ ಕೆಳಗಿನವರಿಗೆ ₹3,500. ಕೋಚಿಂಗ್ ಶುಲ್ಕ ಅದರ ಮೇಲೆ. ದಿನಗೂಲಿಯ ಮನೆಯ ಮಗು ಇಲ್ಲೇ ಹಿಂದೆ ಸರಿಯುತ್ತದೆ, ಅಲ್ವಾ?

ಈ ಗೋಡೆಯನ್ನು ಒಡೆಯಲೆಂದೇ ಪ್ರೊಫೆಸರ್ ಶಮ್ನಾದ್ ಬಷೀರ್ 2010ರಲ್ಲಿ ಐಡಿಐಎ ಎಂಬ ಸಂಸ್ಥೆ ಕಟ್ಟಿದರು. ಹೆಚ್ಚು ಜನರಿಗೆ ದಾರಿ ತೆರೆದು ಕಾನೂನು ಶಿಕ್ಷಣದಲ್ಲಿ ವೈವಿಧ್ಯ ಹೆಚ್ಚಿಸುವುದು ಅನ್ನುವುದೇ ಅದರ ಹೆಸರಿನ ಅರ್ಥ. ಅವರು 2019ರಲ್ಲಿ ತೀರಿಕೊಂಡರು, ಸಂಸ್ಥೆ ನಡೆಯುತ್ತಿದೆ. ಕರ್ನಾಟಕದಲ್ಲೂ ಅದರ ತಂಡ ಇದೆ. ಕಾನೂನು ವಿದ್ಯಾರ್ಥಿಗಳೇ ಹಳ್ಳಿ, ಸಣ್ಣ ಊರುಗಳ ಶಾಲೆ-ಕಾಲೇಜುಗಳಿಗೆ ಹೋಗಿ ಮಕ್ಕಳನ್ನು ಗುರುತಿಸುತ್ತಾರೆ. ಆಯ್ಕೆಯಾದವರಿಗೆ ಕ್ಲಾಟ್ ತರಬೇತಿ ಕೊಡುತ್ತಾರೆ. ಸೀಟು ಸಿಕ್ಕ ಮೇಲೆ ಶುಲ್ಕಕ್ಕೆ ಹಣ ಹೊಂದಿಸಲು ನೆರವಾಗುತ್ತಾರೆ, ಮಾರ್ಗದರ್ಶಕರನ್ನು ಜೊತೆ ಮಾಡುತ್ತಾರೆ. ಪಿಯುಸಿ ಓದುತ್ತಿರುವ ತಂಗಿ ತಮ್ಮ ನಿಮ್ಮ ಮನೆಯಲ್ಲಿದ್ದರೆ ಅವರ ಆಯ್ಕೆ ಪರೀಕ್ಷೆ ಯಾವಾಗ ಅಂತ ವಿಚಾರಿಸಿ. ದ್ವಿತೀಯ ಪಿಯುಸಿ ಕೊನೆಯಲ್ಲಿ ಕೇಳಿದರೆ ತಡವಾಗುತ್ತದೆ. ಪ್ರಥಮ ವರ್ಷದಲ್ಲೇ ಕೇಳಿ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. ಬೆಂಗಳೂರಿನ ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ, ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿದವರಿಗೆ ಶೇ 25ರಷ್ಟು ಸೀಟು ಮೀಸಲಿದೆ. ಅರ್ಜಿಯಲ್ಲಿ ಇದನ್ನು ನೀವೇ ಗುರುತಿಸಬೇಕು. ಅಂಗವೈಕಲ್ಯ ಇರುವವರಿಗೆ 2016ರ ಹಕ್ಕುಗಳ ಕಾಯ್ದೆಯ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು ಇರಬೇಕು, ವಯಸ್ಸಿನಲ್ಲಿ 5 ವರ್ಷ ಸಡಿಲಿಕೆಯೂ ಇದೆ.

ಕ್ಲಾಟ್ ಆಗಲಿಲ್ಲ ಅಂದರೆ ಕಾನೂನೇ ಬೇಡ ಅಂದುಕೊಳ್ಳಬೇಡಿ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ರಾಜ್ಯದ ತುಂಬಾ ಕಾಲೇಜುಗಳಿವೆ. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಶುಲ್ಕ ಬಹಳ ಕಡಿಮೆ. ಜಿಲ್ಲಾ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುವ ಆಸೆ ಇರುವವರಿಗೆ ಇದು ಎರಡನೇ ದರ್ಜೆಯ ದಾರಿ ಅಂತ ನನಗೆ ಒಮ್ಮೆಯೂ ಅನ್ನಿಸಿಲ್ಲ.

ಮೂರನೇ ಹೆಜ್ಜೆ: ಓದುವಾಗಿನ ಹಣ

ಇಲ್ಲಿ ಯೋಜನೆಗಳು ಜಾಸ್ತಿ, ಗೊಂದಲವೂ ಜಾಸ್ತಿ. ನಿಮ್ಮ ಗುಂಪು, ಮನೆಯ ಆದಾಯ, ಕಾಲೇಜು, ಈ ಮೂರನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಮುಂದಿನದನ್ನು ಓದಿ.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಮುಖ್ಯ ಆಸರೆ. ಕೇಂದ್ರದ ನಿಯಮದಲ್ಲಿ ಮನೆಯ ವಾರ್ಷಿಕ ಆದಾಯ ₹2.5 ಲಕ್ಷದೊಳಗಿರಬೇಕು. ಎಲ್‌ಎಲ್‌ಬಿ ಇದರಲ್ಲಿ ಬರುತ್ತದೆ. ಅರ್ಜಿ ಎಸ್‌ಎಸ್‌ಪಿಯಲ್ಲಿ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದ್ದರೆ ಮೊದಲು 'ಟಾಪ್ ಕ್ಲಾಸ್' ಯೋಜನೆ ನೋಡಿ. ಅದರ ಆದಾಯ ಮಿತಿ ₹8 ಲಕ್ಷ. ಬೋಧನಾ ಶುಲ್ಕ ಪೂರ್ತಿ ಸಿಗುತ್ತದೆ. ವಸತಿ, ಪುಸ್ತಕ, ಕಂಪ್ಯೂಟರ್ ಅಂತ ಮೊದಲ ವರ್ಷ ₹86,000, ಆಮೇಲೆ ವರ್ಷಕ್ಕೆ ₹41,000. ಆದರೆ ಒಂದೊಂದು ಸಂಸ್ಥೆಗೆ ಇಷ್ಟೇ ಜನ ಅಂತ ಲೆಕ್ಕ ಇದೆ. ಮೊದಲ ವರ್ಷ ಸೇರಿದಾಗಲೇ ಹಾಕಬೇಕು. ಸೇರಿದ ವಾರವೇ ಕಾಲೇಜಿನ ವಿದ್ಯಾರ್ಥಿವೇತನ ವಿಭಾಗಕ್ಕೆ ಹೋಗಿ ಕೇಳಿ. ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ, ಅಂಗವಿಕಲ ವಿದ್ಯಾರ್ಥಿಗಳಿಗೂ ಬೇರೆ ಬೇರೆ ಇಲಾಖೆಗಳಿಂದ ಯೋಜನೆಗಳಿವೆ. ಒಂದೋ ಎಸ್‌ಎಸ್‌ಪಿಯಲ್ಲಿ, ಇಲ್ಲವೇ ಕೇಂದ್ರದ ಎನ್‌ಎಸ್‌ಪಿ ಪೋರ್ಟಲ್‌ನಲ್ಲಿ ಸಿಗುತ್ತವೆ.

ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ. ಊಟ-ವಸತಿಗೆ ವರ್ಷದಲ್ಲಿ 10 ತಿಂಗಳು ಹಣ ಕೊಡುತ್ತಾರೆ. ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಎಲ್‌ಎಲ್‌ಬಿ ಓದುವ ಹುಡುಗರಿಗೆ ವರ್ಷಕ್ಕೆ ₹7,500, ಹುಡುಗಿಯರಿಗೆ ₹8,000 ಗೊತ್ತು ಮಾಡಿದ್ದರು. ದೊಡ್ಡ ಮೊತ್ತ ಅಲ್ಲ. ಆದರೂ ಒಂದು ವರ್ಷದ ಪುಸ್ತಕಕ್ಕೆ ಆಗುತ್ತದೆ, ಬಿಡಬೇಡಿ.

ಒಂದೇ ಓದಿಗೆ ಎರಡು ಸರ್ಕಾರಿ ವಿದ್ಯಾರ್ಥಿವೇತನ ಸಾಮಾನ್ಯವಾಗಿ ಬರುವುದಿಲ್ಲ. ಎರಡಕ್ಕೂ ಸುಮ್ನೆ ಅರ್ಜಿ ಹಾಕಿ ಆಮೇಲೆ ಹಣ ವಾಪಸ್ ಕಟ್ಟುವ ಪಾಡು ಬೇಡ. ಯಾವುದರಿಂದ ಜಾಸ್ತಿ ಸಿಗುತ್ತದೆ ಅಂತ ಕೂತು ಲೆಕ್ಕ ಹಾಕಿ.

ಇಷ್ಟೆಲ್ಲ ಆದ ಮೇಲೂ ಕೊರತೆ ಉಳಿದರೆ ನಿಮ್ಮ ಕಾಲೇಜಿನಲ್ಲೇ ಕೇಳಿ. ಶುಲ್ಕ ಕಂತಿನಲ್ಲಿ ಕಟ್ಟಲು, ಭಾಗಶಃ ಮನ್ನಾ ಮಾಡಲು ಹಲವು ಕಾನೂನು ವಿಶ್ವವಿದ್ಯಾಲಯಗಳಲ್ಲಿ ವ್ಯವಸ್ಥೆ ಇದೆ. ಸಾಲ ಕೊನೆಗಿರಲಿ. ಮಾಡಲೇಬೇಕು ಅಂದರೆ 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯನ್ನು ನೋಡಿ. ಪಟ್ಟಿಯಲ್ಲಿರುವ ಸಂಸ್ಥೆಗೆ ಸೇರಿದವರಿಗೆ ಅಡಮಾನ ಇಲ್ಲದೆ ಸಾಲ ಸಿಗುತ್ತದೆ. ಮನೆಯ ಆದಾಯ ₹8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಇಲ್ಲದವರಿಗೆ ₹10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿ ಉಂಟು.

ನಾಲ್ಕನೇ ಹೆಜ್ಜೆ: ನಿಮ್ಮ ಬಗ್ಗೆ ಬರೆಯುವುದು

ಸರ್ಕಾರದ ಅರ್ಜಿಗೆ ಅಂಕೆ-ಸಂಖ್ಯೆ ಸಾಕು. ಟ್ರಸ್ಟ್, ವಿಶ್ವವಿದ್ಯಾಲಯ, ವಿದೇಶದ ವಿದ್ಯಾರ್ಥಿವೇತನಗಳು ಮಾತ್ರ ನಿಮ್ಮ ಬಗ್ಗೆ ಒಂದೆರಡು ಪುಟ ಬರೆಯಲು ಹೇಳುತ್ತವೆ. ಎಷ್ಟೋ ಮಕ್ಕಳು ಇಲ್ಲಿ ತಲೆ ತಗ್ಗಿಸಿಬಿಡುತ್ತಾರೆ. 'ನಾವು ಬಡವರು ಅಂತ ಬರೆದು ಕೈಚಾಚೋದಾ ಸರ್?' ಅಂತ ಒಬ್ಬ ಹುಡುಗ ನನ್ನನ್ನು ಕೇಳಿದ್ದ.

ಅವನಿಗೆ ನಾನು ಕಾರ್ನೇಲಿಯಾ ಸೊರಾಬ್ಜಿ ಕಥೆ ಹೇಳಿದೆ. ಆಕೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಮೊದಲಿಗಳಾಗಿ ಪಾಸಾದಳು. ಮೊದಲು ಬಂದವರಿಗೆ ಇಂಗ್ಲೆಂಡಿನಲ್ಲಿ ಓದಲು ಸರ್ಕಾರದ ವಿದ್ಯಾರ್ಥಿವೇತನ ಸಿಗಬೇಕಿತ್ತು. ಹೆಂಗಸು ಅನ್ನುವ ಕಾರಣಕ್ಕೆ ಕೊಡಲಿಲ್ಲ. ಕೆಲವರು ಸೇರಿ ಹಣ ಕೂಡಿಸಿ ಕಳಿಸಿದರು, ಅವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಕೂಡ ಒಬ್ಬರು. 1889ರಲ್ಲಿ ಆಕ್ಸ್‌ಫರ್ಡ್ ಸೇರಿದಳು, 1892ರಲ್ಲಿ ಕಾನೂನು ಪರೀಕ್ಷೆ ಬರೆದಳು, ಅಲ್ಲಿ ಹಾಗೆ ಬರೆದ ಮೊದಲ ಹೆಂಗಸು ಆಕೆಯೇ. ಆದರೂ ಭಾರತದಲ್ಲಿ ಹೆಂಗಸರು ವಕೀಲಿಕೆ ಮಾಡಬಹುದು ಅಂತ ಕಾನೂನು ಬಂದದ್ದು 1923ರಲ್ಲಿ. ಅವಳ ಪಾಲಿನ ವಿದ್ಯಾರ್ಥಿವೇತನವನ್ನು ತಡೆದವರೇ ಸಾಲ ಉಳಿಸಿಕೊಂಡಿದ್ದರು, ಅವಳಲ್ಲ. ನೀವೂ ಅರ್ಜಿಯನ್ನು ಆ ನೇರ ಬೆನ್ನಿನಿಂದಲೇ ಬರೆಯಬೇಕು.

ಹೇಗೆ? 'ನಾನು ಬಡ ಕುಟುಂಬದಲ್ಲಿ ಹುಟ್ಟಿದೆ, ಸಮಾಜ ಸೇವೆ ಮಾಡುವುದು ನನ್ನ ಗುರಿ' ಅಂತ ಬರೆದರೆ ಓದುವವರಿಗೆ ನಿಮ್ಮ ಮುಖ ಕಾಣುವುದಿಲ್ಲ. ಅದೇ ಸಾಲು ಅವರ ಮೇಜಿನ ಮೇಲೆ ಇನ್ನೂರು ಅರ್ಜಿಯಲ್ಲಿರುತ್ತದೆ. ಹೀಗೆ ಬರೆದು ನೋಡಿ: 'ನಮ್ಮ ಎರಡು ಎಕರೆಯ ಪೋಡಿ ಅರ್ಜಿ ಆರು ವರ್ಷದಿಂದ ಮುಂದೆ ಹೋಗಿಲ್ಲ. ಅಪ್ಪನಿಗೆ ಓದಲು ಬರುವುದಿಲ್ಲ. ಏಳನೇ ಕ್ಲಾಸಿನಿಂದ ನಾನೇ ಜೊತೆ ಹೋಗಿ ಪಹಣಿ ಓದಿ ಹೇಳುತ್ತಿದ್ದೆ. ಪಿಯುಸಿ ಹೊತ್ತಿಗೆ ನಮ್ಮ ಬೀದಿಯ ನಾಲ್ಕು ಮನೆಯವರ ಅರ್ಜಿಯನ್ನೂ ನಾನೇ ಬರೆಯುತ್ತಿದ್ದೆ.' ಇಲ್ಲಿ ಬಡತನ ಅನ್ನುವ ಪದವೇ ಇಲ್ಲ. ಆದರೆ ಈ ಹುಡುಗಿ ಯಾಕೆ ವಕೀಲೆ ಆಗಬೇಕು ಅಂತ ಯಾರೂ ಕೇಳುವುದಿಲ್ಲ.

ವೈವಿಧ್ಯಕ್ಕಾಗಿ ಇರುವ ವಿದ್ಯಾರ್ಥಿವೇತನ ಕೇಳುವುದು ಇಷ್ಟೇ: ಈಗ ಕೋರ್ಟಿನೊಳಗೆ ಇಲ್ಲದ ಯಾವ ಅನುಭವವನ್ನು ನೀವು ತರುತ್ತೀರಿ? ಸಾಕ್ಷಿಕಟ್ಟೆಯಲ್ಲಿ ನಿಂತ ಹೆಂಗಸಿನ ಮಾತು ಬಲ್ಲವರು, ಗುತ್ತಿಗೆ ಕೂಲಿಯ ಹಾಜರಿ ಪುಸ್ತಕ ಹೇಗಿರುತ್ತದೆ ಅಂತ ನೋಡಿದವರು, ಮೆಟ್ಟಿಲು ಹತ್ತಲಾಗದೆ ಕೋರ್ಟ್ ಹಾಲಿನ ಹೊರಗೇ ಉಳಿದವರು ವಕೀಲರಾದಾಗ ವಾದವೇ ಬೇರೆ ಆಗುತ್ತದೆ. ನಿಮ್ಮಲ್ಲಿರುವುದು ಯಾವುದೋ ಅದನ್ನೇ ಬರೆಯಿರಿ. ಇಲ್ಲದ್ದನ್ನು ಸೇರಿಸಬೇಡಿ, ಸಂದರ್ಶನದಲ್ಲಿ ಮೂರನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಎಲ್ಲಕ್ಕಿಂತ ನೋವಿನ ಘಟನೆಯನ್ನು ಹೇಳಲೇಬೇಕು ಅಂತಲೂ ಇಲ್ಲ. ಯಾವುದನ್ನು ಹೇಳಬೇಕು, ಯಾವುದನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕು ಅನ್ನುವುದು ನಿಮ್ಮ ಹಕ್ಕು.

ಇಂಗ್ಲಿಷ್ ಕಷ್ಟವಾದರೆ ಮೊದಲು ಕನ್ನಡದಲ್ಲಿ ಬರೆಯಿರಿ. ಗಟ್ಟಿಯಾಗಿ ಓದಿ. ಆಮೇಲೆ ಇಂಗ್ಲಿಷಿಗೆ ತನ್ನಿ. ಶಿಫಾರಸು ಪತ್ರಕ್ಕೆ ಮೇಷ್ಟ್ರನ್ನು ಕೇಳುವಾಗ ಮೂರು ವಾರ ಮೊದಲೇ ಕೇಳಿ. ಅವರ ಕ್ಲಾಸಿನಲ್ಲಿ ನೀವು ಮಾಡಿದ ಎರಡು ಕೆಲಸ ಒಂದು ಚೀಟಿಯಲ್ಲಿ ಬರೆದು ಕೊಡಿ. ದೊಡ್ಡ ಹೆಸರಿನವರ ಪೊಳ್ಳು ಪತ್ರಕ್ಕಿಂತ ನಿಮ್ಮನ್ನು ಬಲ್ಲ ಮೇಡಂ ಬರೆದ ಅರ್ಧ ಪುಟ ಎಷ್ಟೋ ಮೇಲು.

ಹೊರದೇಶದ ಓದು ಬೇಕಿದ್ದರೆ

ಇದು ಎಲ್ಲರಿಗೂ ಬೇಕಾಗಿಲ್ಲ, ಚುಟುಕಾಗಿ ಹೇಳುತ್ತೇನೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1954-55ರಿಂದ ಇದೆ. ಪರಿಶಿಷ್ಟ ಜಾತಿ, ಅಲೆಮಾರಿ ಬುಡಕಟ್ಟು, ಭೂಹೀನ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಸ್ನಾತಕೋತ್ತರ ಅಥವಾ ಪಿಎಚ್‌ಡಿ ಓದಲು. ವಯಸ್ಸು 35ರೊಳಗೆ, ಅಂಕ ಶೇ 60, ಆದಾಯ ₹8 ಲಕ್ಷದೊಳಗೆ. ಕರ್ನಾಟಕದ ಪರಿಶಿಷ್ಟ ವಿದ್ಯಾರ್ಥಿಗಳಿಗೆ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯೂ ಇದೆ. ಬ್ರಿಟನ್ನಿನ ಚೀವನಿಂಗ್ ವಿದ್ಯಾರ್ಥಿವೇತನಕ್ಕೆ 2,800 ಗಂಟೆ ಕೆಲಸದ ಅನುಭವ ಬೇಕು, ಅಂದರೆ ಸುಮಾರು ಎರಡು ವರ್ಷ. ಓದು ಮುಗಿಸಿ ಎರಡು ವರ್ಷ ಸ್ವದೇಶದಲ್ಲಿರಬೇಕು ಅನ್ನುವ ಷರತ್ತೂ ಇದೆ. 1892ರಲ್ಲಿ ಶುರುವಾದ ಜೆ.ಎನ್. ಟಾಟಾ ಎಂಡೋಮೆಂಟ್ ಕೊಡುವುದು ಸಾಲದ ರೂಪದಲ್ಲಿ, ಅದು ತೀರಿಸಬೇಕಾದ ಹಣ.

ಐದನೇ ಹೆಜ್ಜೆ: ಹಾಕಿದ ಅರ್ಜಿಯ ಬೆನ್ನು ಹತ್ತಿ

'ಸಬ್ಮಿಟ್' ಒತ್ತಿದ ಕೂಡಲೇ ಅರ್ಜಿ ಸಂಖ್ಯೆಯ ಪುಟವನ್ನು ಪ್ರಿಂಟ್ ತೆಗೆದಿಡಿ. ಸೈಬರ್ ಅಂಗಡಿಯಲ್ಲಿ ಹಾಕಿಸುವುದಾದರೆ ಫೋನ್ ನಂಬರ್ ನಿಮ್ಮದೇ ಇರಲಿ. ಅಂಗಡಿಯವರ ನಂಬರ್ ಕೊಟ್ಟರೆ ಒಟಿಪಿಗಾಗಿ ಅವರ ಹಿಂದೆ ಅಲೆಯಬೇಕು. ಕಾಲೇಜು ಅರ್ಜಿಯನ್ನು ಪರಿಶೀಲಿಸಿ ಮುಂದೆ ಕಳಿಸಬೇಕು, ಅಲ್ಲಿ ನಿಂತುಹೋಗುವುದು ತುಂಬಾ ಸಾಮಾನ್ಯ. ಹದಿನೈದು ದಿನಕ್ಕೊಮ್ಮೆ ಪೋರ್ಟಲ್‌ನಲ್ಲಿ ಸ್ಥಿತಿ ನೋಡಿ. ಎಲ್ಲಿ ನಿಂತಿದೆಯೋ ಆ ಕಚೇರಿಗೆ ಲಿಖಿತ ಮನವಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ₹10 ಶುಲ್ಕ ಕಟ್ಟಿ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಕಾನೂನು ವಿದ್ಯಾರ್ಥಿಗೆ ಇದು ಮೊದಲ ಪ್ರಾಕ್ಟೀಸ್ ಇದ್ದ ಹಾಗೆ.

ಆರನೇ ಹೆಜ್ಜೆ: ಸನ್ನದು, ಆಮೇಲಿನ ವರ್ಷಗಳು

ಪದವಿ ಕೈಗೆ ಬಂತು. ಇನ್ನು ವಕೀಲರ ಪರಿಷತ್ತಿನಲ್ಲಿ ನೋಂದಣಿ. ಹಿಂದೆ ಕೆಲವು ರಾಜ್ಯಗಳಲ್ಲಿ ಇದರ ಖರ್ಚು ₹40,000 ದಾಟಿತ್ತು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಗೌರವ್ ಕುಮಾರ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. 1961ರ ವಕೀಲರ ಕಾಯ್ದೆಯಲ್ಲಿ ಹೇಳಿರುವುದಕ್ಕಿಂತ ಜಾಸ್ತಿ ನೋಂದಣಿ ಶುಲ್ಕ ಪಡೆಯುವಂತಿಲ್ಲ: ಸಾಮಾನ್ಯ ವರ್ಗಕ್ಕೆ ₹750, ಪರಿಶಿಷ್ಟ ಜಾತಿ-ಪಂಗಡಕ್ಕೆ ₹125. ದುಬಾರಿ ಶುಲ್ಕ ಹಿಂದುಳಿದವರನ್ನು ವೃತ್ತಿಯಿಂದ ಹೊರಗಿಡುತ್ತದೆ ಅಂತ ಕೋರ್ಟ್ ಸ್ಪಷ್ಟವಾಗಿ ಗುರುತಿಸಿತು. ಬೇರೆ ಬೇರೆ ಹೆಸರಿನಲ್ಲಿ ಜಾಸ್ತಿ ಕೇಳಿದರೆ ರಸೀದಿ ಕೇಳಿ, ತೀರ್ಪಿನ ಪ್ರತಿ ಜೊತೆಗಿರಲಿ. ಅಖಿಲ ಭಾರತ ವಕೀಲರ ಪರೀಕ್ಷೆಯ ಶುಲ್ಕ ಬೇರೆ, ಅದಕ್ಕೆ ಮೊದಲೇ ಹಣ ತೆಗೆದಿಡಿ.

ಆಮೇಲೆ ಸೀನಿಯರ್ ಆಫೀಸು. ಮೊದಲ ವರ್ಷ ಬಸ್ ಚಾರ್ಜಿಗೂ ಸಾಲದಷ್ಟು ಕೊಡುವವರಿದ್ದಾರೆ, ಏನೂ ಕೊಡದವರೂ ಇದ್ದಾರೆ. ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಜೂನಿಯರ್‌ಗಳಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ ₹20,000, ಗ್ರಾಮೀಣ ಪ್ರದೇಶದಲ್ಲಿ ₹15,000 ಕೊಡಿ ಅಂತ ಹೇಳಿತು. ಅದು ಸಲಹೆ ಮಾತ್ರ, ಕಡ್ಡಾಯ ಅಲ್ಲ. ಆದರೂ ಸೇರುವ ದಿನವೇ ಸೀನಿಯರ್ ಹತ್ತಿರ ವಿನಯದಿಂದ ಹಣದ ಮಾತು ಎತ್ತಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಇಲ್ಲಿ ಕೈಹಿಡಿಯುವುದು ಕಾನೂನು ಪದವೀಧರರ ಶಿಷ್ಯವೇತನ. ಕರ್ನಾಟಕದಲ್ಲಿ ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳು ಅನುಭವಿ ವಕೀಲರ ಬಳಿ ತರಬೇತಿ ಪಡೆಯುವ ಹೊಸ ವಕೀಲರಿಗೆ ತಿಂಗಳ ಹಣ ಕೊಡುತ್ತವೆ. ಅರ್ಜಿ ಕರೆಯುವುದು ಜಿಲ್ಲೆಯ ಮಟ್ಟದಲ್ಲಿ. ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಪ್ರಕಟಣೆ ಬರುತ್ತದೆ, ಕೊನೆಯ ದಿನ ಹತ್ತಿರದಲ್ಲೇ ಇರುತ್ತದೆ. ಹಾಗಾಗಿ ಸನ್ನದು ಸಿಕ್ಕ ವಾರವೇ ಜಿಲ್ಲಾ ಕಚೇರಿಗೆ ಹೋಗಿ, ಈ ವರ್ಷದ ಅರ್ಜಿ ಯಾವಾಗ ಅಂತ ಕೇಳಿ, ಫೋನ್ ನಂಬರ್ ಕೊಟ್ಟು ಬನ್ನಿ. ನೋಂದಣಿ ಪ್ರಮಾಣಪತ್ರ, ಹೊಸ ಆದಾಯ ಪ್ರಮಾಣಪತ್ರ, ತರಬೇತಿ ಕೊಡಲು ಒಪ್ಪಿದ್ದೇನೆ ಅಂತ ಸೀನಿಯರ್ ಸಹಿ ಮಾಡಿದ ಪತ್ರ, ಈ ಮೂರನ್ನೂ ಒಂದೇ ಫೈಲಿನಲ್ಲಿ ಜೋಡಿಸಿಡಿ. ಸೀನಿಯರ್ ಕೋರ್ಟಿಗೆ ಹೊರಡುವ ಗಡಿಬಿಡಿಯಲ್ಲಿರುವಾಗ ಸಹಿ ಕೇಳಬೇಡಿ, ಸಂಜೆ ಆಫೀಸಿನಲ್ಲಿ ಕೇಳಿ.